ಅರ್ಧ ಚಪಾತಿಯ ಋಣ

ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿಯಂತೆ ಬಡಾವಣೆಯ ಸಣ್ಣ ಖಾಸಗಿ ಆಸ್ಪತ್ರೆಯಲ್ಲ. ಸ್ವಂತ ಮನೆಯಲ್ಲಿ ಇರಲಾಗದಷ್ಟು ಅಶಕ್ತರಾದ ಹಿರಿಯರು ಕೊನೆಯ ವರ್ಷಗಳನ್ನು ಕಳೆಯುವ ಜಾಗ ಅದು. ವೃದ್ಧಾಶ್ರಮ ಮತ್ತು ಆಸ್ಪತ್ರೆ ಎರಡೂ ಬೆರೆತ ಸಂಸ್ಥೆ. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನಲ್ಲಿದ್ದ ಚೇಸ್ ಮೆಮೋರಿಯಲ್ ಎಂಬ ಅಂಥದೊಂದು ಸಂಸ್ಥೆಯಲ್ಲಿ 1991ರ ಹೊತ್ತಿಗೆ ಬಿಲ್ ಥಾಮಸ್ ಎಂಬ 31 ವರ್ಷದ ವೈದ್ಯರು ವೈದ್ಯಕೀಯ ನಿರ್ದೇಶಕರಾಗಿದ್ದರು. ಅಲ್ಲಿದ್ದವರು ಸುಮಾರು 80 ಮಂದಿ. ಅವರಲ್ಲಿ ಹೆಚ್ಚಿನವರಿಗೆ ಮರೆವಿನ ಕಾಯಿಲೆಯೋ ಬುದ್ಧಿ ಮಂಕಾಗುವ ಬೇರೊಂದು ತೊಂದರೆಯೋ ಇತ್ತು. ಊಟ, ಔಷಧಿ, ಸ್ನಾನ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದವು. ಆದರೂ ಅಲ್ಲಿ ಜೀವಕಳೆ ಇಲ್ಲವೆಂದು ಥಾಮಸರಿಗೆ ಅನ್ನಿಸಿತು. ಅವರು ಅಲ್ಲಿ ಮೂರು ಕಾಯಿಲೆಗಳನ್ನು ಗುರುತಿಸಿದರು: ಬೇಸರ, ಒಂಟಿತನ, ಅಸಹಾಯಕತೆ.

ಅಂಥ ಸಂಸ್ಥೆಗಳಲ್ಲಿ ಒಂದು ನಾಯಿಯನ್ನೋ ಒಂದು ಬೆಕ್ಕನ್ನೋ ಇಟ್ಟುಕೊಳ್ಳಲಷ್ಟೇ ಅಲ್ಲಿನ ನಿಯಮ ಅವಕಾಶ ಕೊಡುತ್ತಿತ್ತು. ಥಾಮಸ್ ವಿನಾಯಿತಿ ಪಡೆದು ಎರಡು ನಾಯಿ, ನಾಲ್ಕು ಬೆಕ್ಕು ಮತ್ತು ನೂರು ಹಕ್ಕಿಗಳನ್ನು ತಂದರು. ಕೋಣೆಗಳಲ್ಲಿ ಗಿಡಗಳು ಬಂದವು, ಹೊರಗೆ ತೋಟವಾಯಿತು, ಸಿಬ್ಬಂದಿಯ ಮಕ್ಕಳು ಶಾಲೆ ಬಿಟ್ಟ ಮೇಲೆ ಅಲ್ಲಿಗೇ ಬರತೊಡಗಿದರು. ಮುಂದೆ ನಡೆದದ್ದನ್ನು ಅತುಲ್ ಗವಾಂಡೆ ತಮ್ಮ 2014ರ 'ಬೀಯಿಂಗ್ ಮಾರ್ಟಲ್' ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಮಾತು ನಿಂತೇಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದವರು ಮಾತಾಡಿದರು. ಹಾಸಿಗೆ ಬಿಟ್ಟು ಏಳದಿದ್ದವರು ನರ್ಸುಗಳ ಮೇಜಿನ ಹತ್ತಿರ ಬಂದು, ನಾಯಿಯನ್ನು ತಿರುಗಾಡಿಸಿಕೊಂಡು ಬರುತ್ತೇವೆ ಎಂದು ತಾವಾಗಿಯೇ ಹೇಳಿದರು. ಎರಡು ವರ್ಷಗಳ ನಂತರ ಹತ್ತಿರದ ಇನ್ನೊಂದು ಸಂಸ್ಥೆಯೊಡನೆ ಹೋಲಿಸಿ ನೋಡಿದಾಗ, ಇಲ್ಲಿ ತಲಾ ಒಬ್ಬರಿಗೆ ಬೇಕಾಗುತ್ತಿದ್ದ ಔಷಧಿಗಳು ಅಲ್ಲಿಯ ಅರ್ಧಕ್ಕೆ ಇಳಿದಿದ್ದವು. ಸಾವುಗಳು ಶೇ. 15ರಷ್ಟು ಕಡಿಮೆಯಾಗಿದ್ದವು.

ಈ ಅಂಕಿಗಳನ್ನು ನೋಡಿ ನಾಯಿಗೆ ಜೈ ಅನ್ನಬೇಕೆಂಬ ಆಸೆ ಸಹಜ. ಆದರೆ ಅಲ್ಲಿ ನಾಯಿಯ ಜೊತೆ ಹಕ್ಕಿ, ಗಿಡ, ತೋಟ, ಮಕ್ಕಳು ಎಲ್ಲವೂ ಒಟ್ಟಿಗೇ ಬಂದಿದ್ದವು. ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾಯಿ ಬಂದಾಗ ಆ ಹಿರಿಯರಿಗೆ ಸಂತೋಷವಾಯಿತು ಎನ್ನುತ್ತೇವಲ್ಲ, ಅದು ಯಾವ ಬಗೆಯ ಸಂತೋಷ? ತಮ್ಮನ್ನು ಪ್ರೀತಿಸುವ ಜೀವವೊಂದು ಸಿಕ್ಕಿತು ಎಂಬುದೆ? ಸಾಮಾನ್ಯವಾಗಿ ನಾವು ಕೊಡುವ ಉತ್ತರ ಇದೇ. ನಾಯಿಯ ನಿಯತ್ತು, ನಾಯಿಯ ಕಲ್ಮಶವಿಲ್ಲದ ಪ್ರೀತಿ ಎಂದು ಹೇಳಿ ಮುಗಿಸಿಬಿಡುತ್ತೇವೆ. ಈ ಉತ್ತರ ತಪ್ಪಲ್ಲ. ಆದರೆ ಮುಖ್ಯವಾದುದನ್ನು ಬಿಟ್ಟುಬಿಡುತ್ತದೆ ಎಂಬುದು ನನ್ನ ಅನುಮಾನ. ಮೇಜಿನ ಬಳಿ ಬಂದ ಆ ಹಿರಿಯರು ನಾಯಿಯನ್ನು ನನ್ನ ಹತ್ತಿರ ಕಳಿಸಿ ಎಂದು ಕೇಳಲಿಲ್ಲ. ನಾನು ಅದನ್ನು ಕರೆದುಕೊಂಡು ಹೋಗುತ್ತೇನೆ ಎಂದರು. ವ್ಯತ್ಯಾಸ ಇರುವುದು ಅಲ್ಲಿ.

ಈ ವ್ಯತ್ಯಾಸವನ್ನು ತೋರಿಸುವ ಒಂದು ಹಳೆಯ ಪ್ರಯೋಗವಿದೆ. ಅದರಲ್ಲಿ ನಾಯಿಯಿಲ್ಲ, ಗಿಡವಿದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಮನಃಶಾಸ್ತ್ರಜ್ಞೆಯರು ಕನೆಕ್ಟಿಕಟ್ ರಾಜ್ಯದ ಆರ್ಡನ್ ಹೌಸ್ ಎಂಬ ನರ್ಸಿಂಗ್ ಹೋಮಿನಲ್ಲಿ ಒಂದು ಅಂತಸ್ತಿನವರಿಗೆ ತಲಾ ಒಂದು ಗಿಡ ಕೊಟ್ಟು, ಇದನ್ನು ನೋಡಿಕೊಳ್ಳುವುದು ನಿಮ್ಮ ಹೊಣೆ, ನಿಮ್ಮ ದಿನ ಹೇಗಿರಬೇಕೆಂದು ತೀರ್ಮಾನಿಸುವವರೂ ನೀವೇ ಎಂದರು. ಇನ್ನೊಂದು ಅಂತಸ್ತಿನವರಿಗೂ ಗಿಡ ಸಿಕ್ಕಿತು. ಆದರೆ ಅದಕ್ಕೆ ನೀರು ಹಾಕುವುದು ನರ್ಸುಗಳ ಕೆಲಸ, ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ ಎಂದು ತಿಳಿಸಲಾಯಿತು. ಮೊದಲ ಗುಂಪಿನವರು ಹೆಚ್ಚು ಚುರುಕಾದರು, ಹೆಚ್ಚು ಗೆಲುವಾದರು. ಹದಿನೆಂಟು ತಿಂಗಳ ಬಳಿಕ ನೋಡಿದರೆ ಆ ಗುಂಪಿನಲ್ಲಿ ತೀರಿಕೊಂಡವರು ಶೇ. 15, ಎರಡನೆಯದರಲ್ಲಿ ಶೇ. 30. ಒಟ್ಟು ಜನ ನೂರಕ್ಕಿಂತ ಕಡಿಮೆಯಾದ್ದರಿಂದ ಸಾವಿನ ಅಂಕಿಯ ಮೇಲೆ ಹೆಚ್ಚು ಭಾರ ಹಾಕುವುದು ಸರಿಯಲ್ಲ. ನನಗೆ ಮುಖ್ಯವಾದದ್ದು ಪ್ರಯೋಗದ ರಚನೆ. ಗಿಡ ಎರಡೂ ಕಡೆ ಇತ್ತು. ಕಿಟಕಿಯಲ್ಲಿ ಹಸಿರು ಎರಡೂ ಕಡೆ ಕಾಣುತ್ತಿತ್ತು. ಬದಲಾದದ್ದು ನೀರು ಹಾಕುವ ಕೈ, ಅದರ ಜೊತೆಗೆ ಬಂದ ಮಾತು.

ಎರಡನೆಯ ಗುಂಪಿಗೆ ಹೇಳಿದ ಆ ಮಾತು ನಮಗೆ ಅಪರಿಚಿತವಲ್ಲ. ನಮ್ಮ ಮನೆಗಳಲ್ಲಿ ಅದಕ್ಕೆ ಬೇರೆ ರೂಪವಿದೆ: "ನೀವು ಸುಮ್ಮನೆ ಕೂತ್ಕೊಳ್ಳಿ, ನಾವು ಮಾಡ್ತೀವಿ." ಹಿರಿಯರ ಮೇಲಿನ ಅಕ್ಕರೆಯಿಂದಲೇ ನಾವು ಇದನ್ನು ಹೇಳುತ್ತೇವೆ. ಅಜ್ಜಿಯ ಕೈಯಿಂದ ಸೌಟು ತೆಗೆದುಕೊಳ್ಳುತ್ತೇವೆ, ತಾತನ ಕೈಯಿಂದ ಹಾಲಿನ ಪಾತ್ರೆ ತೆಗೆದುಕೊಳ್ಳುತ್ತೇವೆ. ಚಳಿಗಾಲ ಬಂದರೆ ಹಿಂದೆಲ್ಲ ಅಂಗಳದಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದವರು, ನೆನೆಸಿದ ಕಾಳು ಹಿಸುಕುತ್ತಿದ್ದವರು ಮನೆಯ ಹಿರಿಯರೇ. ಈಗ ಹಿಸುಕಿದ ಕಾಳೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಒಂದೊಂದಾಗಿ ಎಲ್ಲ ಕೆಲಸವನ್ನೂ ಕಿತ್ತುಕೊಂಡ ಮೇಲೆ ಅವರ ಪಾಲಿಗೆ ಉಳಿಯುವುದು ತಿನ್ನುವುದು, ಮಲಗುವುದು, ಮಾತ್ರೆ ನುಂಗುವುದು. ಆಗ ಅವರೇ ತಮ್ಮನ್ನು ತಾವು ಹಳಿದುಕೊಳ್ಳುತ್ತಾರೆ: ಕೂಳಿಗೆ ದಂಡ, ಭೂಮಿಗೆ ಭಾರ. ಹಾಗೆಲ್ಲ ಅನ್ನಬೇಡಿ ಎಂದು ನಾವು ಸಮಾಧಾನ ಹೇಳುತ್ತೇವೆ. ಆ ಮಾತು ಹುಟ್ಟುವ ಸ್ಥಿತಿಯನ್ನು ಕಟ್ಟಿಕೊಟ್ಟವರು ನಾವೇ ಎಂಬುದು ಹೊಳೆಯುವುದಿಲ್ಲ.

ಕಾನೂನಿನ ಭಾಷೆಯೂ ಇದಕ್ಕಿಂತ ಬೇರೆಯಲ್ಲ. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ನಮ್ಮ ಸಂಸತ್ತು 2007ರಲ್ಲಿ ಮಾಡಿದ ಕಾಯ್ದೆಯಲ್ಲಿ ಪೋಷಣೆ ಎಂಬ ಮಾತಿನ ಕೆಳಗೆ ಬರುವುದು ಅನ್ನ, ಬಟ್ಟೆ, ವಸತಿ, ವೈದ್ಯಕೀಯ ಚಿಕಿತ್ಸೆ. ಇಷ್ಟಾದರೂ ಸಿಗಲಿ ಎಂದು ಕಾನೂನು ಮಾಡಬೇಕಾಗಿ ಬಂದದ್ದೇ ದುಃಖದ ಸಂಗತಿ. ಆ ಕಾಯ್ದೆಯ ಅಗತ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ನಾಲ್ಕನ್ನೂ ಗಮನಿಸಿ: ನಾಲ್ಕೂ ಹಿರಿಯರು ಪಡೆಯುವಂಥವು. ಮನುಷ್ಯನಿಗೆ ಪಡೆಯುವ ಹಸಿವು ಇರುವಂತೆ ಕೊಡುವ ಹಸಿವೂ ಇದೆ. ಅದಕ್ಕೆ ಯಾವ ಕಾಯ್ದೆಯಲ್ಲೂ ಕಲಮಿಲ್ಲ.

ಎರಡು ವರ್ಷದ ಹಿಂದೆ, ಹಳೆಯ ಸೋಬಾನೆ ಪದಗಳನ್ನು ಬಲ್ಲ ಅಜ್ಜಿಯೊಬ್ಬರು ಮೈಸೂರಿನ ಹೊರವಲಯದ ವೃದ್ಧಾಶ್ರಮವೊಂದರಲ್ಲಿ ಇದ್ದಾರೆಂದು ತಿಳಿದು ನನ್ನ ಸಂಶೋಧನೆಯ ಕೆಲಸಕ್ಕಾಗಿ ಕೆಲವು ತಿಂಗಳು ಅಲ್ಲಿಗೆ ಹೋಗಿಬರುತ್ತಿದ್ದೆ. ಆಶ್ರಮದ ಗೇಟಿನ ಆಚೆ ಒಂದು ಕರಿ ಬೀದಿನಾಯಿ ಇರುತ್ತಿತ್ತು. ರಾತ್ರಿ ಊಟಕ್ಕೆ ಕೊಡುವ ಎರಡು ಚಪಾತಿಗಳಲ್ಲಿ ಅಜ್ಜಿ ಅರ್ಧವನ್ನು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಿದ್ದರು. ಬೆಳಿಗ್ಗೆ ಕೋಲೂರಿಕೊಂಡು ಗೇಟಿನವರೆಗೆ ಹೋಗಿ ಸರಳುಗಳ ಸಂದಿಯಿಂದ ಹಾಕುತ್ತಿದ್ದರು. ಮಂಡಿನೋವಿನ ಅಜ್ಜಿಗೆ ಅಷ್ಟು ದೂರ ನಡೆಯಲು ಕಾಲು ಗಂಟೆ ಬೇಕಿತ್ತು. ಒಂದು ದಿನ ಜ್ವರವಿತ್ತು. ಇವತ್ತು ಬಿಡಿ ಅಜ್ಜಿ, ನಾನು ಹಾಕಿ ಬರುತ್ತೇನೆ ಎಂದೆ. ಅವರು ಒಪ್ಪಲಿಲ್ಲ. "ನಾನ್ ಹೋಗ್ನಿಲ್ಲ ಅಂದ್ರೆ ಅದು ಕಾಯ್ಕಂಡ್ ಕೂತಿರ್ತದೆ ಕಣ್ ಮಗಾ" ಎಂದರು.

ಆಮೇಲೆ ಆಡಳಿತದವರು ಗೇಟಿಗೆ ತಗಡು ಹೊಡೆಸಿದರು. ಅವರಿಗೆ ಅವರದೇ ಕಾರಣಗಳಿದ್ದವು. ಬೀದಿನಾಯಿಗೆ ಚುಚ್ಚುಮದ್ದು ಆಗಿರಲಿಲ್ಲ. ನಿವಾಸಿಯೊಬ್ಬರು ನಾಯಿಗೆ ಹೆದರಿ ಹಿಂದೆ ಸರಿಯುವಾಗ ಬೀಳುವುದರಲ್ಲಿದ್ದರು. ಈ ಕಾರಣಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಚುಚ್ಚುಮದ್ದು ಹಾಕಿಸಬಹುದಿತ್ತು, ಹೆದರುವವರು ಓಡಾಡದ ಒಂದು ಮೂಲೆಯನ್ನು ಗೊತ್ತುಮಾಡಬಹುದಿತ್ತು. ಅದನ್ನು ಯಾರೂ ಯೋಚಿಸಲಿಲ್ಲ, ಏಕೆಂದರೆ ಅಜ್ಜಿಯಿಂದ ಏನನ್ನಾದರೂ ಕಿತ್ತುಕೊಳ್ಳಲಾಗುತ್ತಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಆ ಬಳಿಕ ಅರ್ಧ ಚಪಾತಿ ತಟ್ಟೆಯಲ್ಲೇ ಉಳಿಯತೊಡಗಿತು. ಅದನ್ನು ಗಮನಿಸಿದ ಆಯಾ, ಅಜ್ಜಿಗೆ ಊಟ ಸೇರುತ್ತಿಲ್ಲ ಎಂದು ವರದಿ ಮಾಡಿದರು. ವೈದ್ಯರು ಹಸಿವಿಗೆ ಟಾನಿಕ್ ಬರೆದುಕೊಟ್ಟರು.

ಯಾರಲ್ಲೂ ಕ್ರೌರ್ಯವಿರಲಿಲ್ಲ. ಆಯಾ ಅಕ್ಕರೆಯಿಂದಲೇ ಗಮನಿಸಿದ್ದರು, ವೈದ್ಯರು ಕರ್ತವ್ಯದಿಂದಲೇ ಬರೆದಿದ್ದರು. ಆದರೆ ಆ ವ್ಯವಸ್ಥೆಗೆ ಗೊತ್ತಿದ್ದದ್ದು ಒಂದೇ ಹಸಿವು. ತಟ್ಟೆಯಲ್ಲಿ ಉಳಿದ ಅರ್ಧ ಚಪಾತಿಯನ್ನು ಅದು ಅಜ್ಜಿ ತಿನ್ನದೆ ಬಿಟ್ಟ ಅನ್ನ ಎಂದು ಓದಿತು. ಅದು ಕೊಡಲಾಗದೆ ಉಳಿದ ಅನ್ನವಾಗಿತ್ತು.

ನಾಯಿ ಕೊಡುವ ಸಂತೋಷವನ್ನು ಒಂಟಿತನದ ಮದ್ದು ಎಂದಷ್ಟೇ ತಿಳಿದರೆ ಎಲ್ಲಿಗೆ ಹೋಗಿ ತಲುಪುತ್ತೇವೆ ಎಂಬುದಕ್ಕೆ ಇನ್ನೊಂದು ಪ್ರಯೋಗವನ್ನು ನೋಡಬೇಕು. 2008ರಲ್ಲಿ ಅಮೆರಿಕದ ಸೇಂಟ್ ಲೂಯಿ ವಿಶ್ವವಿದ್ಯಾಲಯದ ಸಂಶೋಧಕರು ನರ್ಸಿಂಗ್ ಹೋಮುಗಳ 38 ನಿವಾಸಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನವರ ಬಳಿಗೆ ಜೀವಂತ ನಾಯಿ ಬಂದುಹೋಗುತ್ತಿತ್ತು. ಇನ್ನೊಂದು ಗುಂಪಿನವರ ಬಳಿಗೆ ಸೋನಿ ಕಂಪನಿಯ ಐಬೋ ಎಂಬ ಯಂತ್ರನಾಯಿ. ಮೂರನೆಯವರಿಗೆ ಎರಡೂ ಇಲ್ಲ. ಒಂಟಿತನವನ್ನು ಅಳೆಯುವ ಪ್ರಶ್ನಾವಳಿಯಿಟ್ಟು ನೋಡಿದರೆ, ನಾಯಿ ಬಂದ ಎರಡೂ ಗುಂಪುಗಳಲ್ಲಿ ಒಂಟಿತನ ಇಳಿದಿತ್ತು. ನಿಜವಾದ ನಾಯಿಗೂ ಯಂತ್ರಕ್ಕೂ ಗಣನೀಯ ಅಂತರ ಕಾಣಲಿಲ್ಲ.

ನಾಯಿಪ್ರಿಯರಿಗೆ ಇದು ಕಹಿಯಾದ ಫಲಿತಾಂಶ. ಅದನ್ನು ತಳ್ಳಿಹಾಕುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಯಂತ್ರವನ್ನು ಹಚ್ಚಿಕೊಂಡವರನ್ನು ನೋಡಿ ನಗುವುದೂ ಸಲ್ಲ. ಸೋನಿ 2006ರಲ್ಲಿ ಹಳೆಯ ಐಬೋ ತಯಾರಿಕೆಯನ್ನು ನಿಲ್ಲಿಸಿತು, 2014ರಲ್ಲಿ ದುರಸ್ತಿಯನ್ನೂ ನಿಲ್ಲಿಸಿತು. ಆಮೇಲೆ ಕೆಟ್ಟುಹೋದ ಐಬೋಗಳಿಗೆ ಜಪಾನಿನ ಚಿಬಾ ಪ್ರಾಂತ್ಯದ ಕೊಫುಕುಜಿ ಎಂಬ ಬೌದ್ಧ ದೇಗುಲದಲ್ಲಿ ಮಂತ್ರ ಹೇಳಿ ಅಂತಿಮ ನಮನ ಸಲ್ಲಿಸಲಾಯಿತು. ಆಯುಧಪೂಜೆಯಂದು ಹೊಲಿಗೆ ಯಂತ್ರಕ್ಕೂ ಸ್ಕೂಟರಿಗೂ ಕುಂಕುಮ ಇಡುವ ನಮಗೆ ಇದು ಅಷ್ಟೇನೂ ವಿಚಿತ್ರವಾಗಿ ಕಾಣಬೇಕಿಲ್ಲ. ಮನುಷ್ಯ ತನ್ನ ಮಮತೆಯನ್ನು ಯಾವುದರ ಮೇಲೆ ಬೇಕಾದರೂ ಇಡಬಲ್ಲ.

ಹಾಗಾದರೆ ವೃದ್ಧಾಶ್ರಮಗಳಿಗೆ ಯಂತ್ರನಾಯಿಯನ್ನೇ ಕೊಡಬಹುದಲ್ಲ? ಅದು ಕಚ್ಚುವುದಿಲ್ಲ, ಕೂದಲು ಉದುರಿಸುವುದಿಲ್ಲ, ಗಲೀಜು ಮಾಡುವುದಿಲ್ಲ, ಸಾಯುವುದಿಲ್ಲ. ನನಗೆ ಕಾಣುವ ಉತ್ತರ ಇಷ್ಟು: ಒಂಟಿತನವೊಂದೇ ಅಳತೆಗೋಲಾದರೆ ಯಂತ್ರ ಸಾಕು. ಅಷ್ಟರಿಂದಲೇ ತಿಳಿಯುತ್ತದೆ, ನಾಯಿಯ ಸಂತೋಷವನ್ನು ಅಳೆಯಲು ಆ ಅಳತೆಗೋಲು ಸಾಲದು ಎಂದು. ಯಂತ್ರನಾಯಿಗೆ ಹಸಿವಾಗುವುದಿಲ್ಲ. ಅದನ್ನು ಮರೆತರೆ ಏನೂ ಆಗುವುದಿಲ್ಲ. ಬ್ಯಾಟರಿ ಮುಗಿದು ಮೂಲೆಯಲ್ಲಿ ಬಿದ್ದಿದ್ದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಜೀವಂತ ನಾಯಿಯನ್ನು ಮರೆತರೆ ಒಂದು ಹೊಟ್ಟೆ ಖಾಲಿ ಇರುತ್ತದೆ. ನಮ್ಮಿಂದ ಕೆಡುಕಾಗಬಹುದಾದ ಕಡೆ ಮಾತ್ರ ನಮ್ಮಿಂದ ಒಳಿತೂ ಆಗಬಲ್ಲದು. ನಾಯಿಗೆ ಹಸಿವಾಗುತ್ತದೆ ಎಂಬುದರಿಂದಲೇ ಅಜ್ಜಿಯ ಅರ್ಧ ಚಪಾತಿಗೆ ಬೆಲೆ.

ಕೊಟ್ಟದ್ದು ಆ ಕಡೆ ತಲುಪುತ್ತದೆ ಎಂಬುದೂ ಮುಖ್ಯ. ಜಪಾನಿನ ಮಿಹೊ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ಮತ್ತು ಅದರ ಯಜಮಾನ ಒಬ್ಬರನ್ನೊಬ್ಬರು ದಿಟ್ಟಿಸಿ ನೋಡುವಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಎಂಬ ರಸಧಾತು ಏರುತ್ತದೆ. ತಾಯಿ ಮತ್ತು ಹಸುಗೂಸಿನ ನಂಟಿನಲ್ಲೂ ಇದರ ಪಾತ್ರವಿದೆ. ಮನುಷ್ಯರು ಸಾಕಿದ ತೋಳಗಳಲ್ಲಿ ಹೀಗಾಗುವುದು ಕಾಣಲಿಲ್ಲ. ಸಾವಿರಾರು ವರ್ಷ ಮನುಷ್ಯನ ಒಲೆಯ ಬಳಿ ಮಲಗಿದ ಪ್ರಾಣಿ ನಮ್ಮ ನೋಟವನ್ನು ಪಡೆಯಲು ಕಲಿತಿದೆ. ಪ್ರೀತಿಯನ್ನು ಯಂತ್ರದ ಮೇಲೆ ಇಡಬಹುದು, ಆದರೆ ಅದು ಅಲ್ಲಿ ಯಾರಿಗೂ ತಲುಪುವುದಿಲ್ಲ.

ಇಲ್ಲಿ ನನಗೆ ಧರ್ಮರಾಯನ ನೆನಪಾಗುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೆ ತನ್ನ ಕಾವ್ಯವನ್ನು ಮುಗಿಸಿದ್ದರಿಂದ ಈ ಪ್ರಸಂಗ ಅಲ್ಲಿ ಇಲ್ಲ. ಆದರೂ ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದ ಕಥೆ ಹರಿಕಥೆ, ಪುರಾಣಗಳ ಮೂಲಕ ನಮ್ಮೆಲ್ಲರಿಗೂ ಬಂದಿದೆ. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ಕೊನೆಗೆ ಉಳಿದದ್ದು ಮುದುಕನೊಬ್ಬ ಮತ್ತು ಅವನ ಹಿಂದೆ ಬಂದ ನಾಯಿ. ಇಂದ್ರ ರಥ ತಂದು, ನಾಯಿಯನ್ನು ಬಿಟ್ಟು ಬಾ ಎಂದಾಗ ಅವನು ಒಪ್ಪುವುದಿಲ್ಲ. ತಮ್ಮಂದಿರನ್ನು ಬಿಟ್ಟು ಬಂದೆಯಲ್ಲ ಎಂದು ಇಂದ್ರ ಚುಚ್ಚುತ್ತಾನೆ. ಅವರು ಸತ್ತಿದ್ದರು, ಬದುಕಿದ್ದಾಗ ನಾನು ಅವರನ್ನು ಬಿಡಲಿಲ್ಲ ಎಂಬುದು ಧರ್ಮರಾಯನ ಉತ್ತರ. ಇದನ್ನು ಸಾಮಾನ್ಯವಾಗಿ ನಾಯಿಯ ಮೇಲಿನ ಕರುಣೆಯ ಕಥೆಯಾಗಿ ಓದುತ್ತೇವೆ. ಕೊನೆಯಲ್ಲಿ ಆ ನಾಯಿ ಧರ್ಮದೇವತೆಯೇ ಎಂದು ಗೊತ್ತಾದಾಗ ಪರೀಕ್ಷೆಯ ಕಥೆಯಾಗಿ ಓದುತ್ತೇವೆ. ನನಗೆ ಅದರಲ್ಲಿ ವೃದ್ಧಾಪ್ಯದ ಕಥೆಯೂ ಕಾಣುತ್ತದೆ. ರಾಜ್ಯ, ಸಂಸಾರ, ಬಂಧುಗಳು ಎಲ್ಲ ಹೋದ ಮೇಲೆ, ಅವನನ್ನು ನಂಬಿಕೊಂಡು ಉಳಿದದ್ದು ಆ ಒಂದು ಜೀವ. ಅದನ್ನೂ ಬಿಟ್ಟರೆ ಅವನಿಗೆ ಸ್ವರ್ಗ ಸಿಗುತ್ತಿತ್ತು, ಆದರೆ ಅವನು ಧರ್ಮರಾಯನಾಗಿ ಉಳಿಯುತ್ತಿರಲಿಲ್ಲ. ಇಂದ್ರ ನೀಡುತ್ತಿದ್ದದ್ದೂ ಒಂದು ಬಗೆಯ 'ಸುಮ್ಮನೆ ಕೂತ್ಕೊಳ್ಳಿ'ಯೇ: ಇನ್ನು ನಿನಗೆ ಯಾವ ಹೊಣೆಯೂ ಬೇಡ, ಬಂದು ಸುಖವಾಗಿರು.

ಈ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಮನುಷ್ಯನಿಗೆ ತಾನು ಬೇಕಾದವನು ಅನ್ನಿಸಬೇಕು ಎನ್ನುವಾಗ, ಉಪಯೋಗವಿದ್ದರೆ ಮಾತ್ರ ಬೆಲೆ ಎಂದು ಹೇಳಿದಂತಾಗುವುದಿಲ್ಲವೆ? ಎದ್ದು ನಡೆಯಲಾರದವರು, ಚಪಾತಿ ಮುರಿಯಲಾರದವರು, ತಮ್ಮ ಹೆಸರನ್ನೇ ಮರೆತವರು ಏನಾದರು? ಈ ಅಪಾಯ ನಿಜವಾದದ್ದು. ಪ್ರಾಣಿಗಳ ಬಗ್ಗೆ ನಮಗೆ ನೇರವಾದ ಕರ್ತವ್ಯವಿಲ್ಲ ಎಂದು ವಾದಿಸಿದ ಇಮ್ಯಾನುಯೆಲ್ ಕಾಂಟ್ ಕೂಡ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಮುದಿ ನಾಯಿಯ ಉದಾಹರಣೆ ಕೊಟ್ಟಿದ್ದಾನೆ. ಬಹುಕಾಲ ನಿಷ್ಠೆಯಿಂದ ದುಡಿದ ನಾಯಿ ಕೈಲಾಗದ ಸ್ಥಿತಿಗೆ ಬಂದಾಗ ಯಜಮಾನ ಅದನ್ನು ಸಾಯುವವರೆಗೆ ಸಾಕಬೇಕು, ಇಲ್ಲದಿದ್ದರೆ ಅವನು ತನ್ನೊಳಗಿನ ಮನುಷ್ಯತ್ವಕ್ಕೇ ಕುಂದು ತಂದುಕೊಳ್ಳುತ್ತಾನೆ ಎಂಬುದು ಅವನ ಮಾತಿನ ಸಾರ. ಒಳ್ಳೆಯ ಮಾತು. ಆದರೆ ಅದರಲ್ಲಿ ನಾಯಿಯ ಹಕ್ಕು ಅದರ ಹಿಂದಿನ ದುಡಿಮೆಯಿಂದ ಬಂದದ್ದು. ನಾವು ಹಿರಿಯರನ್ನು ನೋಡುವುದೂ ಬಹುಮಟ್ಟಿಗೆ ಹೀಗೆಯೇ: ದುಡಿದಿದ್ದಾರೆ, ಇನ್ನು ಪಿಂಚಣಿ ತಿನ್ನಲಿ.

ನಾನು ಹೇಳುತ್ತಿರುವುದು ದುಡಿಮೆಯ ಮಾತಲ್ಲ. ಹಾಸಿಗೆ ಹಿಡಿದವರ ಕೈಯನ್ನು ಒಮ್ಮೆ ನೆನೆಯಿರಿ. ಆ ಕೈಯನ್ನು ದಿನವೂ ಹಲವರು ಮುಟ್ಟುತ್ತಾರೆ: ನಾಡಿ ನೋಡಲು, ರಕ್ತದೊತ್ತಡದ ಪಟ್ಟಿ ಸುತ್ತಲು, ಸೂಜಿ ಚುಚ್ಚಲು, ತೋಳು ಎತ್ತಿ ಒರೆಸಲು. ಪ್ರತಿ ಸ್ಪರ್ಶಕ್ಕೂ ಒಂದು ಕೆಲಸವಿದೆ, ಕೆಲಸ ಮುಗಿದರೆ ಸ್ಪರ್ಶವೂ ಮುಗಿಯುತ್ತದೆ. ನಾಯಿ ಬಂದು ಆ ಕೈಯ ಕೆಳಗೆ ತಲೆ ತೂರಿಸಿದಾಗ ಅದು ಏನನ್ನೂ ಅಳೆಯುವುದಿಲ್ಲ. ಕೈಯ ಯಜಮಾನರಿಗೆ ವಾರ ಯಾವುದು, ಪ್ರಧಾನಿ ಯಾರು ಎಂದು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಕಿವಿಯ ಹಿಂದೆ ಒಂದಿಷ್ಟು ಕೆರೆತ. ಎರಡು ಬೆರಳು ಅಲ್ಲಾಡಿದರೆ ಸಾಕು, ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಎರಡು ಬೆರಳಿನಿಂದ ಇನ್ನೊಂದು ಜೀವಕ್ಕೆ ಹಿತ ಕೊಡಲು ಸಾಧ್ಯವಿರುವ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ. ಬೆರಳೂ ಅಲ್ಲಾಡದಿದ್ದರೆ ಕೈಯ ಬಿಸುಪೇ ಸಾಕೆಂದು ನಾಯಿ ಅಲ್ಲೇ ಮಲಗುತ್ತದೆ. ಕೊಡುವುದಕ್ಕೆ ಕನಿಷ್ಠ ಅರ್ಹತೆ ಎಷ್ಟು ಎಂದರೆ, ಜೀವ ಇದ್ದರೆ ಸಾಕು. ಇದು ಉಪಯೋಗದ ಲೆಕ್ಕವಲ್ಲ. ಉಪಯೋಗದ ಲೆಕ್ಕದಲ್ಲಿ ಈ ಕೈಗೆ ಸೊನ್ನೆ ಬರುತ್ತದೆ.

ಇನ್ನೊಂದು ಆಕ್ಷೇಪ ನಮ್ಮೂರುಗಳಲ್ಲಿ ಹೆಚ್ಚು ಕೇಳುವಂಥದು. ಮಕ್ಕಳು ಬರಬೇಕಾದ ಜಾಗಕ್ಕೆ ನಾಯಿಯನ್ನು ಕಳಿಸಿ ಕೈ ತೊಳೆದುಕೊಳ್ಳುವ ಉಪಾಯ ಇದು ಎಂದು. ಹೀಗೆ ಆಗುವುದುಂಟು ಎಂದು ಒಪ್ಪುತ್ತೇನೆ. ತಿಂಗಳಿಗೊಮ್ಮೆ ಹಣ ಕಳಿಸಿ, ಈಗ ಅಲ್ಲಿ ನಾಯಿಯೂ ಇದೆಯಂತೆ, ಅಮ್ಮ ಖುಷಿಯಾಗಿದ್ದಾಳೆ ಎಂದು ನೆಮ್ಮದಿಯಾಗಿರುವವರಿಗೆ ನಾಯಿ ಒಂದು ನೆಪವಾಗಬಹುದು. ಆದರೆ ದಿನವೂ ಬಂದು ಕಾಲೊತ್ತಿ, ಹಣ್ಣು ಸುಲಿದು ಬಾಯಿಗಿಟ್ಟು, ಹೊದಿಕೆ ಸರಿಪಡಿಸಿ ಹೋಗುವ ಮಕ್ಕಳಿದ್ದರೂ ಅಜ್ಜಿಯ ಆ ಹಸಿವು ತೀರುತ್ತಿರಲಿಲ್ಲ. ಏಕೆಂದರೆ ಅವರೂ ಕೊಡುವವರೇ. ಎಲ್ಲರೂ ಕೊಡುತ್ತಲೇ ಇದ್ದರೆ ಅಜ್ಜಿಯ ಪಾಲಿಗೆ ಬೆಳೆಯುವುದು ಋಣ. ಅನ್ನದ ಋಣ, ಉಪ್ಪಿನ ಋಣ ಎಂಬ ಮಾತುಗಳ ನಡುವೆ ಬೆಳೆದ ತಲೆಮಾರು ಅದು. ತೀರಿಸಲಾಗದ ಋಣವನ್ನು ದಿನವೂ ಹೇರಿಸಿಕೊಳ್ಳುವುದು ಎಂಥ ಭಾರ ಎಂದು ಅವರಿಗೆ ಗೊತ್ತು. ನಾಯಿಯ ಎದುರಿಗೆ ಮಾತ್ರ ಅವರು ಸಾಲಗಾರರಲ್ಲ.

ಈ ಮಾತುಗಳೆಲ್ಲ ನಾಯಿಯ ಕಡೆಯಿಂದಲೂ ಆಯಾಗಳ ಕಡೆಯಿಂದಲೂ ಒಮ್ಮೆ ನೋಡದಿದ್ದರೆ ಪೊಳ್ಳಾಗುತ್ತವೆ. ಚೇಸ್ ಮೆಮೋರಿಯಲ್‌ನಲ್ಲಿ ಮೊದಲು ಎದ್ದ ತಕರಾರು ನಾಯಿಯ ಗಲೀಜನ್ನು ಯಾರು ಎತ್ತಬೇಕು ಎಂಬುದರ ಬಗ್ಗೆ. ಅದು ಕ್ಷುಲ್ಲಕ ಪ್ರಶ್ನೆಯಲ್ಲ. ನಮ್ಮಲ್ಲಿ ಆ ಕೆಲಸ ಬೀಳುವುದು ಕಡಿಮೆ ಸಂಬಳದ, ಈಗಾಗಲೇ ಹೆಚ್ಚು ಮಂದಿಯನ್ನು ನೋಡಿಕೊಳ್ಳುತ್ತಿರುವ ಆಯಾಗಳ ಮೇಲೆ. ಅವರ ಹೊರೆಯ ಮೇಲೆ ಕಟ್ಟಿದ ಸಂತೋಷ ನ್ಯಾಯವಾದುದಲ್ಲ. ನಾಯಿ ಬಂದರೆ ಅದನ್ನು ನೋಡಿಕೊಳ್ಳಲು ಒಬ್ಬರಿಗೆ ಸಂಬಳವೂ ಬರಬೇಕು. ನಾಯಿಗೆ ಹೆದರುವವರಿದ್ದಾರೆ. ಮಡಿಯ ಕಾರಣಕ್ಕೆ ಒಲ್ಲದವರಿದ್ದಾರೆ. ಕೂದಲಿನಿಂದ ಉಬ್ಬಸ ಬರುವವರಿದ್ದಾರೆ. ಹಿರಿಯರ ಆಯ್ಕೆಯನ್ನು ಗೌರವಿಸಲೆಂದು ಹೊರಟು ಇವರ ಆಯ್ಕೆಯನ್ನು ಮೀರಿದರೆ ಅರ್ಥವೇ ಇರುವುದಿಲ್ಲ. ನಾಯಿಯೂ ದಣಿಯುತ್ತದೆ. ಅದಕ್ಕೂ ಎಲ್ಲರ ಕೈಯಿಂದ ತಪ್ಪಿಸಿಕೊಂಡು ಮಲಗುವ ಮೂಲೆ ಬೇಕು. ಅದಕ್ಕೂ ವಯಸ್ಸಾಗುತ್ತದೆ, ಆಗ ಅದನ್ನು ಬೀದಿಗೆ ಬಿಡುವಂತಿಲ್ಲ. ತನ್ನವರು ತೀರಿಕೊಂಡ ಕೋಣೆಯ ಬಾಗಿಲಲ್ಲಿ ಅದು ಕಾದು ಕೂತರೆ, ಆ ಕಾಯುವಿಕೆಗೆ ಯಾರಾದರೂ ಉತ್ತರ ಕೊಡಬೇಕು. ನಾಯಿಯನ್ನು ಮದ್ದು ಎಂದು ಕರೆದರೆ ಈ ಯಾವ ಹೊಣೆಯೂ ಹುಟ್ಟುವುದಿಲ್ಲ. ಮದ್ದಿನ ಬಾಟಲಿ ಖಾಲಿಯಾದ ಮೇಲೆ ಎಸೆಯುತ್ತೇವೆ. 'ಪೆಟ್ ಥೆರಪಿ' ಎಂಬ ಹೆಸರಿನ ಬಗ್ಗೆ ನನಗಿರುವ ಅಳುಕು ಇದೇ.

ಎಲ್ಲ ವೃದ್ಧಾಶ್ರಮಗಳಿಗೂ ನಾಯಿ ಬರಬೇಕು ಎಂಬುದು ನನ್ನ ತೀರ್ಮಾನವಲ್ಲ. ಕೆಲವರಿಗೆ ಹಸುವಿನ ಕರು, ಕೆಲವರಿಗೆ ತುಳಸಿ ಗಿಡ, ಕೆಲವರಿಗೆ ಪಕ್ಕದ ಶಾಲೆಯ ಮಗುವಿಗೆ ಮಗ್ಗಿ ಹೇಳಿಕೊಡುವ ಕೆಲಸ ನಾಯಿಯ ಜಾಗದಲ್ಲಿ ನಿಲ್ಲಬಹುದು. ಆದರೆ ಇವುಗಳಲ್ಲಿ ನಾಯಿಗೆ ಒಂದು ವಿಶೇಷ ಗುಣವಿದೆ: ಅದು ತಾನಾಗಿ ಬಂದು ಕೇಳುತ್ತದೆ. ತುಳಸಿ ಒಣಗಿದರೂ ಸುಮ್ಮನಿರುತ್ತದೆ. ಮಗು ಸಂಕೋಚಪಟ್ಟುಕೊಳ್ಳುತ್ತದೆ. ಮಕ್ಕಳು ಮೊಮ್ಮಕ್ಕಳಾದ ನಾವು ಹಿರಿಯರಿಂದ ಏನನ್ನೂ ಕೇಳಬಾರದು ಎಂಬುದನ್ನೇ ಗೌರವ ಎಂದು ಕಲಿತಿದ್ದೇವೆ. ನಾಯಿಗೆ ಆ ಸಭ್ಯತೆ ಗೊತ್ತಿಲ್ಲ.

ವೃದ್ಧಾಶ್ರಮವನ್ನು ನೋಡಲು ಹೋದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಬಿಸಿನೀರು ಬರುತ್ತದೆಯೆ, ರಾತ್ರಿ ಡಾಕ್ಟರು ಸಿಗುತ್ತಾರೆಯೆ, ಊಟ ಹೇಗಿದೆ, ಮೆಟ್ಟಿಲಿಗೆ ಹಿಡಿಕೆ ಇದೆಯೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಅವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಿಕೊಳ್ಳಬಹುದು: ಇಲ್ಲಿ ನನ್ನ ಅಮ್ಮ ಒಂದು ದಿನ ಏಳದಿದ್ದರೆ, ಅವಳಿಗಾಗಿ ಕಾದು ಕೂರುವ ಜೀವ ಯಾವುದಾದರೂ ಇರುತ್ತದೆಯೆ? ವೃದ್ಧಾಶ್ರಮದಲ್ಲಷ್ಟೇ ಅಲ್ಲ, ಮನೆಯಲ್ಲೇ ಹಿರಿಯರನ್ನು ಇಟ್ಟುಕೊಂಡಿರುವ ನಾವೂ ಇದನ್ನು ಕೇಳಿಕೊಳ್ಳಬಹುದು.